ದ್ರಾಕ್ಷಿಮೂಲ

ನನಗೆ ಸಿಟ್ಟು ಬರುವುದು ಕಡಿಮೆ. ಬಂದರೆ ಅದಕ್ಕೆ ತಲೆಬುಡ ಇರುವುದಿಲ್ಲ ಎಂದು ಹೆಂಡತಿಯ ದೂರು. ಆ ಸಲದ ಸಿಟ್ಟಿಗೆ ಕಾರಣ, ಒಂದು ಸೀಸೆಗೆ ಅಂಟಿಸಿದ ಚೀಟಿ.

ತೊಂಬತ್ತರ ದಶಕದ ನಡುವಿನ ಮಾತು. ಪುಣೆಯ ಗೆಳೆಯನೊಬ್ಬ ಕಾಗವಾಡದ ನಮ್ಮ ತೋಟಕ್ಕೆ ಬರುವಾಗ ಅಮೆರಿಕದ ಕೆಂಪು ವೈನ್ ತಂದಿದ್ದ. ದ್ರಾಕ್ಷಿ ಬೆಳೆಯುವ ಮನೆಯಲ್ಲೇ ಕೂದಲು ನರೆತರೂ ನಾನು ಅದರ ಈ ಅವತಾರ ಕಂಡವನಲ್ಲ. ದ್ರಾಕ್ಷಾರಿಷ್ಟದ ಅಳತೆಯಲ್ಲಿ ಎರಡು ಚಮಚ ಕುಡಿದೆ. ನಾಲಿಗೆ ಒಗರಾಯಿತು, ಕಿವಿ ಬಿಸಿಯಾಯಿತು. ಇರಲಿ. ಗೆಳೆಯ ಚೀಟಿ ಓದಿದ: 'ಹಳೆಯ ಬಳ್ಳಿಗಳದ್ದು.' ನೂರರ ಹತ್ತಿರದ ಬಳ್ಳಿಗಳಂತೆ! ಹಣ್ಣು ಕಡಿಮೆ, ರಸ ಗಟ್ಟಿ, ಅದಕ್ಕೇ ಮರ್ಯಾದೆ ಹೆಚ್ಚಂತೆ. ನನ್ನ ಮೈ ಉರಿಯಿತು. ಅಲ್ಲಿ ಮುಪ್ಪನ್ನು ಅಚ್ಚು ಹಾಕಿಸಿ ಮೆರೆಸುತ್ತಾರೆ. ನಮ್ಮ ಅಥಣಿ, ಕಾಗವಾಡದಲ್ಲಿ ಬಳ್ಳಿಗೆ ಹದಿನೈದು ತುಂಬಿತೆಂದರೆ ಗುದ್ದಲಿ ಹುಡುಕುತ್ತಾರೆ. ತೋಟ ನೋಡಿಕೊಳ್ಳುವ ನನ್ನ ತಮ್ಮ ಮಲ್ಲಪ್ಪ, ಅಪ್ಪ ಬಾವಿಯ ಬದಿಗೆ ನೆಟ್ಟಿದ್ದ ಹನ್ನೆರಡು ಕಪ್ಪು ದ್ರಾಕ್ಷಿ ಬಳ್ಳಿಗಳನ್ನು ಮರುದಿನವೇ ಕಿತ್ತು ಸೀಡ್‌ಲೆಸ್ ಹಾಕುವವನಿದ್ದ. ತೀರಿಕೊಂಡ ಅಪ್ಪನ ಕೈಯದೆಂದು ಉಳಿದಿದ್ದು ಅವಷ್ಟೇ.

ಇನ್ನು ಆ ವೈನಿನ ದ್ರಾಕ್ಷಿಯ ಕುಲಗೋತ್ರ. ಹೆಸರು ಜಿನ್‌ಫಂಡೆಲ್. ಅಮೆರಿಕದವರು ಅಪ್ಪಟ ನಮ್ಮದೆಂದು ಎದೆ ತಟ್ಟಿಕೊಂಡರಂತೆ. ನೋಡಿದರೆ ಅದೇ ಬಳ್ಳಿ ಇಟಲಿಯಲ್ಲಿ ಬೇರೆ ಹೆಸರಿಟ್ಟುಕೊಂಡು ಕೂತಿದೆ. ಅಲ್ಲಿಗೂ ಸಮುದ್ರದಾಚೆಯಿಂದ ಬಂದಿರಬೇಕೆಂದು ಕೆಲವರ ಗುಮಾನಿ. ಋಷಿಮೂಲ, ನದಿಮೂಲ ಕೇಳಬಾರದೆಂದ ಹಿರಿಯರು ದ್ರಾಕ್ಷಿಮೂಲವನ್ನೂ ಸೇರಿಸಬೇಕಿತ್ತು. ಗಡಿಯ ಈಚೆ 'ದ್ರಾಕ್ಷಿ', ಆಚೆ ಮಿರಜದ ಕಡೆ 'ದ್ರಾಕ್ಷ' ಎನ್ನುವ ನಮಗಂತೂ ಈ ಜಗಳ ಹೊಸದಲ್ಲ.

ಬೆಳಗಾಗುತ್ತಲೇ ಬಾವಿಯ ಬಳಿ ನಿಂತು ಇದನ್ನೆಲ್ಲ ತಮ್ಮನೆದುರು ಒದರಿದೆ. ಅವನು ಗುದ್ದಲಿ ಕೆಳಗಿಡಲಿಲ್ಲ.

"ಅಣ್ಣಾ, ಇವಕ್ಕ ಮುಪ್ಪ ಬಂದೈತಿ. ಮ್ಯಾಲ ನಮ್ಮ ಕಡೀವೂ ಅಲ್ಲ. ಅಪ್ಪ ಮಿರಜದಿಂದ ತಂದದ್ದು."

"ಇವು ಇಲ್ಲೇ ಹುಟ್ಟ್ಯಾವಲೇ!" ಎಂದು ಅರಚಿದೆ. ಸಿಟ್ಟಿನಲ್ಲಿ ಸುಳ್ಳು ಸಲೀಸು.

ಬಾವಿಕಟ್ಟೆಯ ಮೇಲೆ ಮೆಂತೆಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದ ಅವ್ವ ಎದ್ದು ಬಂದಳು. ಅವಳ ತವರು ಮಿರಜ. ಬಳ್ಳಿಗೂ ಮಲ್ಲಪ್ಪನಿಗೂ ನಡುವೆ ನಿಂತಳು.

"ಮಿರಜದಿಂದ ನಿಮ್ಮಪ್ಪ ನನ್ನೂ ತಂದಾರ. ನನಗೂ ಮುಪ್ಪ ಬಂದೈತಿ. ಕೀಳಾವ ಇದ್ರ ಮೊದಲ ನನ್ನ ಕೀಳಪಾ."

ಗೆದ್ದೆನೆಂದು ನಾನು ಮೀಸೆಯಲ್ಲೇ ನಕ್ಕೆ. ಅವಳು ನನ್ನತ್ತ ತಿರುಗಿದಳು.

"ನೀ ಯಾಕ ಸುಳ್ಳ ಹೇಳ್ತಿ? ಇಲ್ಲೇ ಹುಟ್ಟಿದ್ರಷ್ಟ ನಮ್ಮದೇನ?"

ನಾನು ಅವಳು ಬಿಟ್ಟೆದ್ದ ಮೆಂತೆಪಲ್ಲೆಯ ಮುಂದೆ ಹೋಗಿ ಕೂತೆ. ಮಲ್ಲಪ್ಪ ಬಗ್ಗಿ, ಅದೇ ಗುದ್ದಲಿಯಿಂದ ಬಳ್ಳಿಗಳ ಬುಡಕ್ಕೆ ನೀರಿನ ಪಾತಿ ಮಾಡತೊಡಗಿದ.