ದೂಡಿದವರಿಗೆ ಅಂಕಿ ಇಲ್ಲ

ದೆವ್ವದ ಮಾತು ಬಂದರೆ ಮೊದಲು ನಗುವವನು ನಾನೇ ಆಗಿದ್ದೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ದೆವ್ವ ಕಂಡವರಿಗೇನೂ ಬರವಿಲ್ಲ. ಅವರನ್ನೆಲ್ಲ ಎದುರಿಗೆ ಕೂರಿಸಿ, ಪ್ರಶ್ನೆ ಕೇಳಿ ಬೆವರಿಳಿಸಿದವನು ನಾನು. ನಾನು ಹೇಳುವ ಕತೆಗಳಲ್ಲಿ ಒಂದು ಮೊಳದ ಹಾವು ಮೂರು ಮಾರಾಗುತ್ತದೆ ಎಂಬುದೂ ನಿಜ. ಆದರೆ ಈಗ ಹೇಳಹೊರಟ ಕೈಯ ವಿಷಯದಲ್ಲಿ ನಾನು ಒಂದು ಬೆರಳಷ್ಟೂ ಎಳೆದು ಉದ್ದ ಮಾಡಿಲ್ಲ.

ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಿನ ಮಾತು. ನನಗೆ ಹದಿನಾಲ್ಕು ವರ್ಷ. ಗೆಳೆಯ ಮಲ್ಯಾನ ಜೊತೆ ಬಾದಾಮಿಗೆ, ಅವನ ಅತ್ತೆಯ ಮನೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ ಕೆರೆಯ ಮೇಲಿನ ಕೆಂಪು ಬಂಡೆ ಹತ್ತಿದೆ. ನಾನು ಹತ್ತುವುದನ್ನು ನೋಡಿ ಬಾದಾಮಿಯ ಮಂಗಗಳೇ ನಾಚಿ ಬಾಲ ಮಡಚಿಕೊಂಡವು. ಮಲ್ಯಾ ಕೆಳಗೆ, ನನ್ನ ಎದುರಿಗೆ, ಶೇಂಗಾ ತಿನ್ನುತ್ತ ನಿಂತಿದ್ದ. ನಾನು ತುದಿಯಲ್ಲಿ ನಿಂತು ಊರಿಗೆಲ್ಲ ಸಲಾಮು ಹೊಡೆಯುತ್ತಿದ್ದಾಗ ಬೆನ್ನಿನ ಮೇಲೊಂದು ಅಂಗೈ ಬಂದು ಕೂತಿತು. ಆ ಬಿಸಿಲಲ್ಲೂ ತಣ್ಣಗಿತ್ತು. ಬಳೆಗಳ ಸದ್ದು ಕೇಳಿಸಿತು. ಆಮೇಲೆ ಒಂದೇ ದೂಡು. ಬೀಳುತ್ತ ಹಿಂತಿರುಗಿ ನೋಡಿದೆ. ಬಂಡೆ, ಆಕಾಶ, ಮತ್ತೇನಿಲ್ಲ.

ಬಳೆಯ ಸಂಗತಿಯನ್ನು ಮಾತ್ರ ಮಲ್ಯಾನಿಗೂ ಹೇಳಲಿಲ್ಲ. ಹೆಂಗಸಿನ ಕೈಯಿಂದ ಉರುಳಿದೆ ಎಂದು ಗೊತ್ತಾದರೆ ಶಾಲೆಯಲ್ಲಿ ತಲೆ ಎತ್ತುವುದುಂಟೇ?

ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ರೈಲು ಹತ್ತಿ ಬಾಗಲಕೋಟೆಯ ಒಂದು ದವಾಖಾನೆಗೆ ಬಂದೆವು. ಡಾಕ್ಟರು ಎಲುಬು ಕೂಡಿಸಿ ಪಟ್ಟಿ ಹಾಕಿದರು. ಅಲ್ಲಿಗೆ ಮುಗಿಯಲಿಲ್ಲ. ದವಾಖಾನೆಗೆ ಹೊಸ ಪುಸ್ತಕವೊಂದು ಬಂದಿತ್ತು. ಏನು ಮುರಿಯಿತು ಎಂಬುದಕ್ಕೆ ಅದರಲ್ಲಿ ಒಂದು ಅಂಕಿ, ಹೇಗೆ ಮುರಿಯಿತು ಎಂಬುದಕ್ಕೆ ಇನ್ನೊಂದು. ಎತ್ತು ಹಾಯ್ದರೆ ಒಂದು, ಹಾವು ಕಡಿದರೆ ಒಂದು, ಬಿದ್ದರೆ ಒಂದು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಕೇಳಿದರು.

“ಹೆಂಗ ಬಿದ್ದಿ?”

“ದೂಡಿದ್ರರಿ.”

“ಯಾರು?”

“ಯಾರೂ ಇರಲಿಲ್ಲರಿ.”

ಗುಮಾಸ್ತರು ಪುಸ್ತಕ ತಿರುವಿ ಹಾಕಿದರು. “ತಮ್ಮಾ, ಮಂದಿ ದೂಡಿದ್ರ ಒಂದು ಅಂಕಿ ಐತಿ, ತಾನ ಬಿದ್ರ ಒಂದು ಐತಿ. ಯಾರೂ ಇಲ್ದ ದೂಡಿದ್ದಕ್ಕ ಅಂಕಿ ಇಲ್ಲ. ದೂಡಿದ್ರು ಅಂತ ಬರದ್ರ ಪೊಲೀಸರಿಗೂ ತಿಳಸಬೇಕು. ನಿನ್ನ ಸಂಗಾಟ ಯಾರಿದ್ರು?”

ಮಲ್ಯಾನ ಮುಖ ಬಿಳಿಚಿತು. “ಲೇ, ನಾ ನಿನ್ನ ಮುಂದ ನಿಂತಿದ್ನಲ್ಲೋ. ಹೇಳಲೇ,” ಎಂದ. ಪೊಲೀಸರು ಬಾಗಿಲಿಗೆ ಬಂದರೆ ಅವನ ಅಪ್ಪ ಶಾಲೆ ಬಿಡಿಸಿ ಅವನನ್ನು ಮಗ್ಗಕ್ಕೆ ಕೂರಿಸುವುದು ಖಂಡಿತವಾಗಿತ್ತು.

ಡಾಕ್ಟರು ನಕ್ಕರು. “ಕಲ್ಲಿನ ಮ್ಯಾಲ ಕುಣದಾನ, ಕಾಲು ಜಾರೇದ. ತಾನ ಬಿದ್ದಾನ ಅಂತ ಬರ್ಕೋರಿ. ಲೆಕ್ಕ ಮುಂಬಯಿಗೆ ಕಳಸೂದೈತಿ.”

ಮಲ್ಯಾನಿಗಾಗಿ ಬಾಯಿ ಮುಚ್ಚಿಕೊಂಡೆ. ತಾನೇ ಬಿದ್ದನಂತೆ! ಹಲ್ಲಿಗೆ ಗೋಡೆ ಹತ್ತುವುದನ್ನು ಕಲಿಸಬಲ್ಲ ನಾನು! ನನ್ನ ಸುಳ್ಳುಗಳನ್ನೆಲ್ಲ ಊರು ಬಾಯಿ ತೆರೆದು ಕೇಳಿತ್ತು; ಖರೆ ಹೇಳಿದ ಒಂದೇ ದಿನ ನನಗೊಂದು ಅಂಕಿ ಸಿಗಲಿಲ್ಲ.

ಪಟ್ಟಿ ಬಿಚ್ಚಿಸಲು ಮತ್ತೆ ಹೋದಾಗ ಡಾಕ್ಟರ ಕೈಯೇ ಪಟ್ಟಿ ಕಟ್ಟಿಸಿಕೊಂಡು ಅವರ ಕೊರಳಿಗೆ ಜೋತುಬಿದ್ದಿತ್ತು. ಯಾವುದೋ ಕೆಲಸಕ್ಕೆ ಬಾದಾಮಿಗೆ ಹೋದವರು ನನ್ನ ಬಂಡೆ ನೋಡೋಣವೆಂದು ಒಬ್ಬರೇ ಹತ್ತಿದ್ದರಂತೆ.

“ಸಾಹೇಬ್ರದೂ ಕಾಲು ಜಾರೇದ,” ಎಂದರು ಗುಮಾಸ್ತರು. “ನಿಂದ ಅಂಕಿ ಅವರಿಗೂ.”

ಡಾಕ್ಟರು ಈ ಸಲ ನಗಲಿಲ್ಲ. ನಾನು ಹೊರಡುವಾಗ ಬಾಗಿಲ ಮರೆಗೆ ಕರೆದು ಮೆಲ್ಲಗೆ ಕೇಳಿದರು.

“ತಮ್ಮಾ, ಆ ಕೈಯಾಗ ಬಳೆ ಇದ್ದುವೇನು?”

ನನ್ನ ಬೆನ್ನು ಮತ್ತೆ ತಣ್ಣಗಾಯಿತು. ಹೌದೆಂದು ತಲೆಯಾಡಿಸಿದೆ. ಆದರೂ ಸಿಟ್ಟು ತಡೆಯಲಿಲ್ಲ. “ಹಂಗಾರ ಇಬ್ಬರದೂ ತಿದ್ದಿಸ್ರಿ,” ಎಂದೆ.

ಅವರು ಗುಮಾಸ್ತರ ಕಡೆ ನೋಡಿದರು. “ಏನಂತ ತಿದ್ದಸ್ಲಿ? ಅಂಕಿ ಇಲ್ಲಲ್ಲೋ.”

ಅದು ಯಾರ ಕೈ, ನಮ್ಮಿಬ್ಬರ ಮೇಲೆ ಅದಕ್ಕೇನು ಹಗೆ, ನನಗೆ ಇನ್ನೂ ತಿಳಿದಿಲ್ಲ. ಮುಂಬಯಿಯ ಯಾವುದೋ ಕಪಾಟಿನಲ್ಲಿ ನಾನು ಇವತ್ತಿಗೂ ತಾನೇ ಬಿದ್ದವನು. ಓದುಗರೇ, ನೀವಾದರೂ ಕೇಳಿ: ನಾನು ಬಿದ್ದಿಲ್ಲ.