ಕೋಡಿ ಒಡೆದವನ ಕೇಸು

ಬೇರೆ ದಾರಿ ಕಾಣದೆ, ದೊಡ್ಡ ಕೇಡನ್ನು ತಪ್ಪಿಸಲು ಸಣ್ಣ ಕೇಡು ಮಾಡಿದವನು ಅಪರಾಧಿಯಲ್ಲ. ದಂಡಸಂಹಿತೆಯಲ್ಲಿ ಇಂಥದ್ದೊಂದು ಸೆಕ್ಷನ್ ಇದೆ. ಕಾನೂನು ಓದುವಾಗ, ಇದನ್ನು ಬರೆದ ಪುಣ್ಯಾತ್ಮನ ಕೈಗೆ ಮುತ್ತಿಡಬೇಕು ಅನ್ನಿಸಿತ್ತು. ಈಗ ಆ ಪುಟ ಕಣ್ಣಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಧಾರವಾಡದ ಕಡೆಯಿಂದ ಬಂದು ಯಲಹಂಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬೆಳಿಗ್ಗೆ ಬಸ್ಸಿಗೆ ನೇತುಬಿದ್ದು ಹೆಬ್ಬಾಳ ದಾಟಿ ಕೋರ್ಟಿಗೆ ಹೋಗುವುದು, ಸಂಜೆ ಕೈಬೀಸಿಕೊಂಡು ವಾಪಸ್ ಬರುವುದು. ಹೊಸ ವಕೀಲನನ್ನು ಯಾರು ಮೂಸುತ್ತಾರೆ? ನಮ್ಮ ಬಾಗಿಲಿಗೆ ದಿನವೂ ಸೊಪ್ಪು ತರುತ್ತಿದ್ದ ಹೆಂಗಸೊಬ್ಬಳಿದ್ದಳು. ಜಕ್ಕೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೆರೆ. ಅದರ ಹಿನ್ನೀರಿನ ಅಂಚಿನಲ್ಲಿ ಕಲ್ಲು ಒಡೆಯುವವರ ಕೇರಿ, ಎಲ್ಲ ಮಣ್ಣುಗೋಡೆಯ ಮನೆಗಳು. ಅವಳು ಆ ಕೇರಿಯವಳು. ಒಂದು ಬೆಳಿಗ್ಗೆ ಬುಟ್ಟಿಯಿಲ್ಲದೆ ಬಂದವಳೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸಾಮಿ, ನಮ್ಮನೆಯವ್ರನ್ನ ಪೋಲೀಸ್ನೋರು ಎಳ್ಕೊಂಡೋದ್ರು. ಕೇರಿ ಉಳ್ಸಿದ್ದೇ ತಪ್ಪಾಗೋಯ್ತು."

ಆದದ್ದು ಇಷ್ಟು. ಹಿಂದಿನ ದಿನ ಹಗಲೆಲ್ಲ ಮಳೆ ಹೊಡೆದು ಕೆರೆ ತುಂಬಿತ್ತು. ತುಂಬಿದ ಕೆರೆಯ ಹೆಚ್ಚಿನ ನೀರು ಕೋಡಿಯ ಕಲ್ಲುಕಟ್ಟೆಯ ಮೇಲಿಂದ ಹರಿದು ಹೋಗಬೇಕು. ಅವತ್ತಿನ ಮಳೆಗೆ ಕೋಡಿ ಸಾಲಲಿಲ್ಲ. ನೀರು ಹಿಂದಕ್ಕೆ ಒತ್ತಿ ಕೇರಿಯೊಳಗೆ ನುಗ್ಗಿತು. ಕೇರಿಯ ಯಜಮಾನನ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದವಳು. ಅವಳ ಮಂಚದ ಕಾಲು ಮುಳುಗಿದ್ದನ್ನು ಕಂಡು ಸೊಪ್ಪಿನವಳ ಗಂಡ ಹಾರೆ ಎತ್ತಿಕೊಂಡು ಓಡಿ ಕೋಡಿಯ ಕಟ್ಟೆಯನ್ನು ಒಡೆದುಬಿಟ್ಟ. ಕೇರಿಯ ನೀರು ಸರ್ರನೆ ಇಳಿಯಿತು. ಆದರೆ ಹಾಗೆ ನುಗ್ಗಿದ ನೀರು ಕೆಳಗಿನ ದ್ರಾಕ್ಷಿ ತೋಟವನ್ನು ಚಪ್ಪರದ ಸಮೇತ ಕೊಚ್ಚಿಕೊಂಡು ಹೋಯಿತು. ತೋಟದ ಧಣಿ ಬಿಡುತ್ತಾನೆಯೇ? ನೀರಾವರಿ ಕಟ್ಟೆ ಒಡೆದದ್ದು ಸಣ್ಣ ಅಪರಾಧವಲ್ಲ, ವರ್ಷಗಟ್ಟಲೆ ಜೈಲು.

ಲಾಕಪ್ಪಿನ ಕಂಬಿಯ ಹಿಂದೆ ಅವನು ತಣ್ಣಗೆ ನಿಂತಿದ್ದ.

"ನಾನೇ ಒಡ್ದಿದ್ದು ಸಾಮಿ. ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಗೋಡೆಗೋಳೆಲ್ಲಾ ಕುಂತೋಗವು."

ಅಬ್ಬಾ, ನನಗಾದ ಖುಷಿ! ಪುಸ್ತಕದ ಸೆಕ್ಷನ್ನೇ ಎದ್ದು ಬಂದು ನನ್ನೆದುರು ನಿಂತಿತ್ತು. ಒಡೆದದ್ದನ್ನು ಕೋರ್ಟಿನಲ್ಲಿ ಒಪ್ಪಿಕೋ, ಯಾಕೆ ಒಡೆದೆ ಅನ್ನೋದನ್ನು ನಿಮ್ಮ ಕೇರಿಯವರು ಹೇಳಲಿ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ ನಾಲ್ಕು ಜನ ಹೇಳಿದರೆ ಸಾಕು, ನಿನ್ನ ಕೂದಲು ಕೊಂಕುವುದಿಲ್ಲ ಎಂದೆ. ಅವನು ತಲೆಯಾಡಿಸಿದ. ಮರುದಿನವೇ ಕೇರಿಗೆ ಹೋದೆ.

ಹೋಗುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅವನನ್ನು ಪೋಲೀಸರು ಹಿಡಿದ ದಿನವೇ ಕೇರಿಯ ಗಂಡಸರು ಹೆಂಗಸರೆಲ್ಲ ಮುನೇಶ್ವರನ ಕಲ್ಲಿನ ಮುಂದೆ ಸೇರಿ, ಕರ್ಪೂರ ಹಚ್ಚಿ, ಅದರ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು: ಅವತ್ತು ನಾವು ಏನೂ ನೋಡಿಲ್ಲ, ನಮ್ಮ ಕೇರಿಯಲ್ಲಿ ಏನೂ ಆಗಿಲ್ಲ. ಅದು ಆ ಕೇರಿಯ ಪದ್ಧತಿ. ಯಾರನ್ನೇ ಪೋಲೀಸರು ಹಿಡಿಯಲಿ, ಕರ್ಪೂರ ಹಚ್ಚಬೇಕು, ಬಾಯಿ ಹೊಲಿದುಕೊಳ್ಳಬೇಕು. ಅಪ್ಪಂದಿರ ಕಾಲದಿಂದಲೂ ಎಷ್ಟೋ ಜನ ಅದರಿಂದಲೇ ಬಚಾವಾಗಿದ್ದರಂತೆ.

"ಅಯ್ಯಾ, ಅವನು ಒಡೆದ ಅಂತ ನೀವು ಹೇಳೋದೇ ಬೇಡ. ಮನೆಯೊಳಗೆ ನೀರು ಬಂದಿತ್ತು ಅಂತ ಹೇಳಿದ್ರೆ ಸಾಕು," ಎಂದು ಯಜಮಾನನಿಗೆ ಕೈಮುಗಿದು ಹೇಳಿದೆ.

"ಅದೆಂಗಾಯ್ತದೆ ಸಾಮಿ? ಏನೂ ಆಗಿಲ್ಲ ಅಂತ ಆಣೆ ಮಾಡಿವ್ನಿ. ನೀರ್ ಬಂದಿತ್ತು ಅಂದ್ರೆ ಏನೋ ಆದಂಗಾಯ್ತಲ್ಲ! ಆಣೆ ಮುರುದ್ರೆ ಮುನೇಸ್ವರ ಅವನ್ನೇ ಮೊದ್ಲು ತಿಂತಾನೆ. ನೀವ್ ಇದ್ಯಾವಂತ್ರು, ನಿಮ್ಗೆ ಗೊತ್ತಾಗಕಿಲ್ಲ."

ಎಷ್ಟು ಸಲ ಹೋದೆನೋ. ಬೈದೆ, ಬೇಡಿಕೊಂಡೆ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಪ್ರತಿಸಲವೂ ಬೆಲ್ಲ ಹಾಕಿದ ಕಾಫಿ ಕೊಟ್ಟು ಕಳಿಸುತ್ತಿದ್ದರು. ಕೊನೆಗೆ ಬೇಸತ್ತು ಅವನ ಹತ್ತಿರವೇ ಹೋಗಿ, ಹಾಗಾದರೆ ನೀನೂ ಒಡೆದಿಲ್ಲ ಅಂದುಬಿಡು ಮಾರಾಯ, ತೋಟದ ಕಾವಲುಗಾರ ದೂರದಿಂದ ನೋಡಿದ್ದಾನೆ ಅಷ್ಟೆ, ಅನುಮಾನದ ಮೇಲೆ ಬಿಡಬಹುದು ಎಂದೆ. ಅವನು ನನ್ನ ಮುಖವನ್ನೇ ನೋಡಿದ.

"ಮಾಡಿದ್ನ ಮಾಡಿಲ್ಲ ಅಂತ ಎಂಗೇಳ್ಲಿ ಸಾಮಿ? ಅವ್ರು ಕರ್ಪೂರ ಮುಟ್ಟವ್ರೆ. ನಾನು ಮುಟ್ಟಿಲ್ಲ."

ಕಟಕಟೆಯಲ್ಲಾದರೂ ನಿಜ ಹೇಳಿಯಾರು ಎಂದು ಕೇರಿಯವರನ್ನು ನಾನೇ ಸಾಕ್ಷಿಗೆ ಕರೆಸಿದೆ. ಆ ದಿನ ಯಜಮಾನ ಒಗೆದ ಪಂಚೆ ಉಟ್ಟು ಬಂದ. ತನ್ನ ಕೇರಿಯ ಹುಡುಗನನ್ನು ಉಳಿಸಲು ಬಂದಿದ್ದೇನೆ ಅನ್ನುವ ಹೆಮ್ಮೆ ಅವನ ಮುಖದಲ್ಲಿತ್ತು.

"ಆ ದಿನ ಮಳೆ ಬಂದಿತ್ತಾ?" ಎಂದು ಕೇಳಿದೆ.

"ನಾನ್ ನೋಡ್ಲಿಲ್ಲ ಸಾಮಿ."

"ನಿಮ್ಮ ಮನೆಯೊಳಗೆ ನೀರು ನುಗ್ಗಿತ್ತಾ?"

"ಇಲ್ಲ ಸಾಮಿ. ನಮ್ಮನೆ ಒಣುಕ್ಕೊಂಡಿತ್ತು."

ಕೋರ್ಟಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅವರು ಕೆಟ್ಟವರೇನಲ್ಲ; ಕನ್ನಡಕ ತೆಗೆದು ನನ್ನನ್ನೇ ಕೇಳಿದರು: "ವಕೀಲರೇ, ಅವತ್ತು ಯಾರಾದರೂ ಸತ್ತರಾ?"

"ಇಲ್ಲ ಸ್ವಾಮಿ, ಇವನು ಒಡೆದದ್ದರಿಂದಲೇ ಯಾರೂ ಸಾಯಲಿಲ್ಲ."

"ಅದಕ್ಕೆ ಸಾಕ್ಷಿ ಎಲ್ಲಿದೆ?"

ಎಲ್ಲಿಂದ ತರಲಿ? ಸಾಯದೆ ಉಳಿದವರೆಲ್ಲ ಸಾಲಾಗಿ ಬಂದು, ಏನೂ ಆಗಿಲ್ಲ ಅಂತ ಹೇಳಿಹೋಗಿದ್ದರು. ಅವರೂ ನಿಜ ಹೇಳಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಅವನೂ ಸುಳ್ಳು ಹೇಳಿದ್ದರೂ ಬಿಡುಗಡೆಯಾಗುತ್ತಿದ್ದನೇನೋ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಯಾರು ಅಂತಲೇ ನನಗೆ ತಿಳಿಯಲಿಲ್ಲ. ಕೋಡಿ ಒಡೆದದ್ದನ್ನು ಆರೋಪಿ ಒಪ್ಪಿದ್ದಾನೆ, ಅಪಾಯವಿತ್ತು ಅನ್ನುವುದಕ್ಕೆ ಪುರಾವೆಯಿಲ್ಲ, ಇದ್ದಿದ್ದರೂ ಮೊದಲು ಅಧಿಕಾರಿಗಳ ಗಮನಕ್ಕೆ ತರಬೇಕಾಗಿತ್ತು ಎಂದು ತೀರ್ಪಾಯಿತು. ಮೇಲ್ಮನವಿಯೂ ಬಿದ್ದುಹೋಯಿತು. ಅವನು ಜೈಲಿಗೆ ಹೋದ. ಕೇರಿಯವರು ನಾನು ತೋಟದ ಧಣಿಯ ಜೊತೆ ಶಾಮೀಲಾಗಿದ್ದೇನೆ ಅಂದರಂತೆ. ಅನ್ನಲಿ, ಅವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ?

ಅವನಿನ್ನೂ ಒಳಗಿರುವಾಗಲೇ ಮತ್ತೆ ಅಂಥದ್ದೇ ಮಳೆ ಹಿಡಿಯಿತು. ಒಡೆದ ಕೋಡಿಯನ್ನು ಸರ್ಕಾರದವರು ಆಗಲೇ ಗಾರೆ ಹಾಕಿ ಭದ್ರವಾಗಿ ಕಟ್ಟಿಸಿದ್ದರು. ಸೊಪ್ಪಿನವಳು ತೊಯ್ದು ತೊಪ್ಪೆಯಾಗಿ ಓಡಿ ಬಂದಳು.

"ಸಾಮಿ, ನೀರು ಒಳೀಕ್ ಬಂದೈತೆ. ಕೋಡಿ ಒಡೀಬೋದಾ ಅಂತ ನಿಮ್ಮನ್ನ ಕೇಳ್ಕೊಂಡ್ ಬಾ ಅಂದ್ರು."

ಏನು ಹೇಳಲಿ? ಒಡೀರಿ ಅಂದರೆ ಇನ್ನೊಬ್ಬ ಜೈಲಿಗೆ. ತೀರ್ಪಿನಲ್ಲಿ ಬರೆದದ್ದನ್ನೇ ಹೇಳಿದೆ: ಮೊದಲು ಅಧಿಕಾರಿಗಳಿಗೆ ತಿಳಿಸೋಣ. ಕೇರಿಯ ಗಂಡಸರೂ ಯಜಮಾನನೂ ನನ್ನ ಜೊತೆ ಕಚೇರಿಗೆ ಬಂದರು. ಅಧಿಕಾರಿ ಕ್ಯಾಂಪಿಗೆ ಹೋಗಿದ್ದರು. ಗುಮಾಸ್ತ, ಅವರ ಅಪ್ಪಣೆಯಿಲ್ಲದೆ ಒಂದು ಕಲ್ಲೂ ಮುಟ್ಟಬೇಡಿ, ಕೂತಿರಿ ಎಂದ. ನೆನೆದ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತೆವು.

ವಾಪಸ್ ಬರುವಷ್ಟರಲ್ಲಿ ಯಜಮಾನನ ಮನೆಯ ಗೋಡೆ ಕುಸಿದಿತ್ತು. ಹಾಸಿಗೆ ಹಿಡಿದವಳನ್ನು ಎತ್ತಲು ಹೆಂಗಸರ ಕೈಲಿ ಆಗಿರಲಿಲ್ಲ. ಮಣ್ಣು ಸರಿಸಿ ಹೆಣವನ್ನು ಹೊರಗೆ ತಂದು ಮಲಗಿಸಿದ್ದರು. ಯಜಮಾನ ಅವಳ ಕಾಲ ಬಳಿ ಕೂತ.

ಸೊಪ್ಪಿನವಳ ಗಂಡನನ್ನು ಹಿಡಿದುಕೊಂಡು ಹೋಗಿದ್ದ ಸಬ್‌ಇನ್ಸ್‌ಪೆಕ್ಟರೇ ಮಹಜರಿಗೆ ಬಂದ. ನೀರನ್ನು ನೋಡಿದ, ಹೆಣವನ್ನು ನೋಡಿದ. ಪಾಪ, ಅವನಿಗೂ ಕರುಳು ಚುರ್ ಅಂದಿರಬೇಕು, ರೇಗಿಬಿಟ್ಟ.

"ಅಲ್ರಯ್ಯಾ, ಇಷ್ಟೊಂದ್ ಜನ ಇದ್ದೀರಲ್ರೋ! ಆ ಕೋಡಿ ಒಡ್ದಾಕಿದ್ರೆ ಈ ಮುದುಕಿ ಉಳೀತಿರ್ಲಿಲ್ವಾ? ಒಬ್ಬನಿಗಾದ್ರೂ ಬುದ್ಧಿ ಬೇಡ್ವಾ?"

ಸೊಪ್ಪಿನವಳು ಸೆರಗಿನಲ್ಲಿ ಕೈಯ ಮಣ್ಣು ಒರೆಸಿಕೊಂಡು ಮುಂದೆ ಬಂದಳು.

"ಒಬ್ಬನಿಗಿತ್ತು ಸಾಮಿ. ಅವನ್ನ ನೀವೇ ಕರ್ಕೊಂಡೋದ್ರಿ."