ಲಾರಿಯ ಬೆನ್ನಿಗೆ ಬಿದ್ದ ಬಿಸಿಬೇಳೆಬಾತ್

ಗೆಳೆಯರೇ, ಇವತ್ತು ನಾವು ಪೆಟ್ರೋಲ್ ಉಳಿಸಿದ ಕತೆ ಕೇಳಿ.

ಹಾನೋವರ್‌ನಲ್ಲಿ ಗೆಳೆಯ ಪ್ರಸಾದನ ಮಗುವಿಗೆ ನಾಮಕರಣ. ಮಧ್ಯಾಹ್ನದ ಊಟಕ್ಕೆ ಬಿಸಿಬೇಳೆಬಾತ್ ತರುವ ಹೊಣೆ ವೋಲ್ಫ್ಸ್‌ಬುರ್ಗಿನವರಾದ ನಮ್ಮದು. ಕಾರು ಗೆಳೆಯ ಸುಧಿಯದು. ಇಂಜಿನ್ ಕುಡಿಯುವ ಪೆಟ್ರೋಲನ್ನು ಕಡಿಮೆ ಮಾಡುವುದೇ ಆಫೀಸಿನಲ್ಲಿ ಅವನ ಕೆಲಸ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ವಿದ್ಯಾ ಬಿಸಿ ಪಾತ್ರೆಯನ್ನು ತಬ್ಬಿಕೊಂಡು ಕೂತಿದ್ದಳು.

ಆಟೋಬಾನ್ ಹೆದ್ದಾರಿ ಹತ್ತಿದ್ದೇ ತಡ, ಸುಧಿ ಎಸಿ ಆರಿಸಿ ದೊಡ್ಡ ಲಾರಿಯೊಂದರ ಹಿಂದೆ ಸೇರಿಕೊಂಡ.

"ಓವರ್‌ಟೇಕ್ ಮಾಡೋ ಗುರು, ಲೇಟಾಗತ್ತೆ" ಎಂದೆ.

"ಸುಮ್ನಿರು ಮಗಾ. ಗಾಳೀನೆಲ್ಲಾ ಲಾರಿ ತಡ್ಕೊಳತ್ತೆ, ನಮ್ ಇಂಜಿನ್‌ಗೆ ಆರಾಮು. ಪೆಟ್ರೋಲ್ ಮೀಟರ್ ನೋಡು!"

ಬೆವರುತ್ತಾ ಮೀಟರ್ ನೋಡಿದೆವು. ಲಾರಿಯ ಬೆನ್ನು ಬಿಟ್ಟರೆ ಮುಂದೇನೂ ಕಾಣುತ್ತಿರಲಿಲ್ಲ. ಅವನ ವಿವರಣೆಯ ನಡುವೆ ನ್ಯಾವಿಗೇಷನ್ ಹೇಳಿದ್ದೂ ಕೇಳಿಸಲಿಲ್ಲ.

"ರೀ, ಹಾನೋವರ್ ಹಿಂದೆ ಹೋಯ್ತು!" ಎಂದು ವಿದ್ಯಾ ಕಿರುಚಿದಾಗಲೇ ಎಚ್ಚರವಾದದ್ದು. ಮುಂದಿನ ಔಸ್‌ಫಾರ್ಟ್‌ನಲ್ಲಿ, ಅಂದರೆ ಹೊರದಾರಿಯಲ್ಲಿ, ಇಳಿದು ತಿರುಗೋಣವೆಂದರೆ ರಸ್ತೆ ಕಾಮಗಾರಿಗಾಗಿ ಅದನ್ನು ಮುಚ್ಚಿದ್ದರು. ಅದರ ಮುಂದಿನದೋ, ಬಹಳ ದೂರ.

ಅಂತೂ ತಲುಪಿದಾಗ ಎಲ್ಲರೂ ಊಟ ಮುಗಿಸಿ ಕೈ ತೊಳೆದು ಕೂತಿದ್ದರು. ನಮ್ಮನ್ನು ಕಾದು ಸೋತ ಪ್ರಸಾದ ಪಿಜ್ಜಾ ತರಿಸಿದ್ದ. ಸುಧಿ ಮಾತ್ರ ಮೀಟರಿನ ಫೋಟೋ ಹಿಡಿದು ಮನೆಯೆಲ್ಲಾ ಓಡಾಡಿದ. "ನೂರು ಕಿಲೋಮೀಟರಿಗೆ ಬರೀ ನಾಲ್ಕು ಲೀಟರ್ ಕಣ್ರೋ!"

"ದಾರೀನ ಡಬಲ್ ಮಾಡಿದ್ರಲ್ಲ, ಅದನ್ನೂ ಹೇಳಿ" ಎಂದಳು ವಿದ್ಯಾ, ತಣ್ಣಗಾದ ಪಾತ್ರೆಯನ್ನು ಮೇಜಿನ ಮೇಲಿಡುತ್ತಾ.

ಅಂದಹಾಗೆ, ಪಿಜ್ಜಾ ಬಂದದ್ದು ಸೈಕಲ್ಲಿನಲ್ಲಂತೆ. ಬಿಸಿಬಿಸಿಯಾಗಿಯೇ ಇತ್ತಂತೆ.